ಟ್ರ್ಯಾಕ್ಟರಿನ ಹಿಂದೆ ಇಟ್ಟ ಕ್ಯಾಮೆರಾ

2023ರ ಜೂನ್‌ನಲ್ಲಿ ನಾನು ಕುಷ್ಟಗಿಯ ಒಂದು ಕೃಷಿ ಯಂತ್ರ ತರಬೇತಿ ಕೇಂದ್ರಕ್ಕೆ ಸೇರಿದೆ. ಹುದ್ದೆಯ ಹೆಸರು ಸಿಮ್ಯುಲೇಟರ್ ತರಬೇತುದಾರ. ಅದಕ್ಕೂ ಮೊದಲು ಕೃಷಿ ಎಂಜಿನಿಯರಿಂಗ್ ಓದಿ, ಹುಬ್ಬಳ್ಳಿಯಲ್ಲಿ ವಿಡಿಯೊ ಗೇಮ್ ತಯಾರಿಸುವ ಸಣ್ಣದೊಂದು ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಹೊಲವೂ ಗೊತ್ತಿರಬೇಕು, ಗೇಮೂ ಗೊತ್ತಿರಬೇಕು ಎಂಬ ಷರತ್ತಿಗೆ ಅರ್ಜಿ ಹಾಕಿದವಳು ಬಹುಶಃ ನಾನೊಬ್ಬಳೇ. ಸಂದರ್ಶನ ಹತ್ತು ನಿಮಿಷದಲ್ಲಿ ಮುಗಿದಿತ್ತು.

ಸಿಮ್ಯುಲೇಟರ್ ಎಂದರೆ ಹಳೆಯ ಟ್ರ್ಯಾಕ್ಟರೊಂದರಿಂದ ಬಿಚ್ಚಿ ತಂದ ಸೀಟು, ಸ್ಟೀರಿಂಗ್, ಕ್ಲಚ್ಚು, ಬ್ರೇಕು, ಎರಡು ಗೇರಿನ ಕೋಲು. ಎದುರಿಗೆ ದೊಡ್ಡ ಟಿವಿ ಪರದೆ. ಪಕ್ಕದಲ್ಲಿ ಒಂದು ಕಂಪ್ಯೂಟರ್. ಪರದೆಯ ಮೇಲೆ ಹೊಲ, ಬದು, ದಾರಿ. ಡೀಸೆಲ್ ಸುಡದೆ, ಯಾರ ಕಾಲ ಮೇಲೂ ಗಾಲಿ ಹತ್ತಿಸದೆ ಟ್ರ್ಯಾಕ್ಟರ್ ಕಲಿಯುವ ವ್ಯವಸ್ಥೆ. ತಾಂತ್ರಿಕವಾಗಿ ಅದೊಂದು ವಿಡಿಯೊ ಗೇಮೇ. ಗೆದ್ದಾಗ ಸಂಗೀತ ಬರುವುದಿಲ್ಲ, ಅಷ್ಟೇ.

ಗೇಮ್ ತಯಾರಿಸುವವರು ಮೊದಲು ತೀರ್ಮಾನಿಸುವ ಸಂಗತಿಗಳಲ್ಲಿ ಒಂದು, ಕ್ಯಾಮೆರಾ ಎಲ್ಲಿರಬೇಕು ಎಂಬುದು. ಆಡುವವರ ಕಣ್ಣಿನ ಜಾಗದಲ್ಲೇ ಇಟ್ಟರೆ ಅದು ಫಸ್ಟ್ ಪರ್ಸನ್ ನೋಟ. ನಿಮ್ಮ ಕೈ ಕಾಣುತ್ತದೆ, ಸ್ಟೀರಿಂಗ್ ಕಾಣುತ್ತದೆ, ಮುಂದಿನ ದಾರಿ ಕಾಣುತ್ತದೆ, ನೀವು ಕಾಣುವುದಿಲ್ಲ. ಕ್ಯಾಮೆರಾವನ್ನು ಹಿಂದಕ್ಕೆ, ಸ್ವಲ್ಪ ಎತ್ತರಕ್ಕೆ ತೆಗೆದುಕೊಂಡು ಹೋದರೆ ಥರ್ಡ್ ಪರ್ಸನ್ ನೋಟ. ಆಗ ನೀವು ನಡೆಸುತ್ತಿರುವ ವಾಹನ ಪೂರ್ತಿಯಾಗಿ, ಅದರ ಹಿಂದೆ ಮುಂದೆ ಎಷ್ಟು ಜಾಗವಿದೆ ಎಂಬುದರ ಸಮೇತ ಕಾಣುತ್ತದೆ. ಮೊಬೈಲಿನಲ್ಲಿ ಕಾರ್ ರೇಸ್ ಆಡಿದವರು ಒಂದು ಗುಂಡಿ ಒತ್ತಿ ಈ ಎರಡು ನೋಟಗಳ ನಡುವೆ ಓಡಾಡಿರುತ್ತಾರೆ. ಯಾವುದು ಒಳ್ಳೆಯದು ಎಂದು ನಮ್ಮ ಹಳೆಯ ಕಂಪನಿಯಲ್ಲಿ ಊಟದ ಹೊತ್ತಿನಲ್ಲೆಲ್ಲ ವಾದ ನಡೆಯುತ್ತಿತ್ತು. ನಾನು ವಾದಕ್ಕೆ ಇಳಿಯುತ್ತಿದ್ದದ್ದು ಕಡಿಮೆ. ಆದರೆ ತರಬೇತಿಯ ಮಟ್ಟಿಗೆ ನನಗೆ ಅನುಮಾನವೇ ಇರಲಿಲ್ಲ. ನಿಜವಾದ ಸೀಟಿನ ಮೇಲೆ ಕುಳಿತಾಗ ಏನು ಕಾಣುತ್ತದೋ ಅದನ್ನೇ ಪರದೆಯೂ ತೋರಿಸಬೇಕು. ಹಾಗಾಗಿ ನಮ್ಮ ಸಿಮ್ಯುಲೇಟರನ್ನು ಫಸ್ಟ್ ಪರ್ಸನ್ ನೋಟದಲ್ಲಿಟ್ಟೆ. ಇನ್ನೊಂದು ನೋಟ ಪ್ರೋಗ್ರಾಮಿನಲ್ಲಿ ಉಳಿದಿತ್ತು, ನನ್ನ ಪರಿಶೀಲನೆಗೆಂದು. ಅದರ ಕೀಲಿ ಯಾವುದೆಂದು ಯಾರಿಗೂ ಹೇಳಿರಲಿಲ್ಲ.

ಜುಲೈ ಮೊದಲ ವಾರ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಸಂಘದಿಂದ ಇಬ್ಬರು ಬಂದರು. ಒಬ್ಬರು ಶಂಕ್ರವ್ವ, ಮೂವತ್ತೆಂಟು ವರ್ಷ, ಟ್ರ್ಯಾಕ್ಟರ್ ಕಲಿಯಬೇಕಾದವರು. ಇನ್ನೊಬ್ಬರು ಸಂಘದ ಅಧ್ಯಕ್ಷೆ ಗವಿಸಿದ್ದವ್ವ, ಅರವತ್ತು ದಾಟಿದವರು. ದಿನಾ ಬಸ್ಸಿನಲ್ಲಿ ಶಂಕ್ರವ್ವನೊಬ್ಬರನ್ನೇ ಕಳಿಸುವುದು ಸರಿಯಲ್ಲವೆಂದು ಜೊತೆಗೆ ಬಂದವರು.

ಮೊದಲ ದಿನವೇ ಗವಿಸಿದ್ದವ್ವ ನನಗೆ ಪರಿಸ್ಥಿತಿ ತಿಳಿಸಿದರು. ಸಂಘಕ್ಕೆ ಒಂದು ಟ್ರ್ಯಾಕ್ಟರ್ ಮತ್ತು ಬಿತ್ತನೆ ಕೂರಿಗೆ ಮಂಜೂರಾಗಿದೆ. ಹಿಂಗಾರಿ ಬಿತ್ತನೆಗೆ ಮೊದಲು ಸಂಘದವರಲ್ಲೇ ಒಬ್ಬರು ಲೈಸೆನ್ಸ್ ಪಡೆದರೆ ಅವರೇ ಡ್ರೈವರ್. ಆಗದಿದ್ದರೆ ಹೊರಗಿನ ಡ್ರೈವರ್‌ನನ್ನು ಇಡಬೇಕು.

"ಇಟ್ರ ಏನಾಗತೈತಿ ಅಂತ ಕೇಳ್ರಿ," ಎಂದರು ಅವರು. "ದೊಡ್ಡ ಹೊಲ ಮೊದಲು, ಪರಿಚಯದವರ ಹೊಲ ಆಮ್ಯಾಲ. ನಮ್ಮ ಎರಡೆಕರೆ, ಮೂರೆಕರೆ ಹೆಣ್ಮಕ್ಕಳ ಪಾಳಿ ಬರೂದ್ರಾಗ ನೆಲದಾಗಿನ ಹಸಿ ಆರಿ ಹೋಗಿರತೈತಿ. ಎರಿ ಭೂಮಿ ನಮಗಾಗಿ ಕಾಯೂದಿಲ್ರಿ ಯವ್ವಾ."

ಕಪ್ಪು ಭೂಮಿಯಲ್ಲಿ ಕಡಲೆ, ಬಿಳಿಜೋಳ ಬಿತ್ತಲು ಸಿಗುವ ಹದ ಕೆಲವೇ ದಿನದ್ದು. ಅಷ್ಟರೊಳಗೆ ಇಪ್ಪತ್ತಮೂರು ಮನೆಯ ಹೊಲಗಳಿಗೆ ಸರದಿ ಸಿಗಬೇಕು. ಶಂಕ್ರವ್ವನನ್ನು ಆರಿಸಿದ್ದಕ್ಕೂ ಕಾರಣವಿತ್ತು. ಇಪ್ಪತ್ತು ವರ್ಷದಿಂದ ಊರಿನ ಅರ್ಧ ಹೊಲಗಳಲ್ಲಿ ಎತ್ತಿನ ಕೂರಿಗೆಯ ಹಿಂದೆ ನಡೆದು ಕಾಳು ಬಿಟ್ಟವರು ಅವರೇ. ಅವರು ಹಿಂದಿದ್ದರೆ ಸಾಲು ಹಗ್ಗ ಹಿಡಿದಂತೆ ಬರುತ್ತದೆಂಬ ಮಾತಿತ್ತು.

ಆ ಮಾತನ್ನು ನಮ್ಮ ಪರದೆ ಒಪ್ಪಲಿಲ್ಲ. ನೂರು ಮೀಟರ್ ಉದ್ದದ ಸಾಲನ್ನು ನೆಟ್ಟಗೆ ಹೊಡೆಯುವುದು ಮೊದಲ ಪಾಠ. ಗೆರೆಯಿಂದ ಎಷ್ಟು ಸೆಂಟಿಮೀಟರ್ ಆಚೀಚೆ ಹೋದಿರಿ ಎಂಬುದನ್ನು ಪ್ರೋಗ್ರಾಮ್ ಲೆಕ್ಕ ಹಾಕಿ ತೋರಿಸುತ್ತದೆ. ಅದೇ ವಾರ ಕಲಿಯಲು ಬಂದಿದ್ದ, ಸ್ಕೂಟಿ ಓಡಿಸಿ ಗೊತ್ತಿದ್ದ ಗಂಗಾವತಿ ಕಡೆಯ ಹುಡುಗಿಯರು ಮೂರನೇ ದಿನಕ್ಕೆ ಇಪ್ಪತ್ತರ ಒಳಗೆ ಬಂದಿದ್ದರು. ಶಂಕ್ರವ್ವ ಆರನೇ ದಿನವೂ ಅರವತ್ತೆರಡರಲ್ಲಿದ್ದರು. ಕಣ್ಣು ಬಾನೆಟ್ಟಿನ ತುದಿಗೆ ಅಂಟಿಕೊಂಡಿರುತ್ತಿತ್ತು. ಸ್ಟೀರಿಂಗನ್ನು ಒಂದು ಸಲ ಅತಿಯಾಗಿ ಎಡಕ್ಕೆ, ಅದನ್ನು ಸರಿಪಡಿಸಲು ಅತಿಯಾಗಿ ಬಲಕ್ಕೆ ಎಳೆಯುತ್ತಿದ್ದರು.

"ಲೇ ಶಂಕ್ರಿ, ಸಾಲು ಹೊಡ್ಯಾಕತ್ತೀಯೋ ಹಾವು ಹಿಡ್ಯಾಕತ್ತೀಯೋ?" ಎಂದು ಗವಿಸಿದ್ದವ್ವ ಮೂಲೆಯ ಕುರ್ಚಿಯಿಂದ ಕೇಳುತ್ತಿದ್ದರು.

"ನೀವ ಬಂದು ಕುಂದರ್ರಿ ಅತ್ತಿ, ತಿಳೀತೈತಿ," ಎಂದು ಶಂಕ್ರವ್ವ ತಿರುಗಿ ನೋಡದೆ ಹೇಳುತ್ತಿದ್ದರು. ರಕ್ತಸಂಬಂಧವಿಲ್ಲದಿದ್ದರೂ ಊರ ಹಿರಿಯರೆಂದು ಅವರನ್ನು ಅತ್ತಿ ಎನ್ನುತ್ತಿದ್ದರು. ದನಿಯಲ್ಲಿ ನಗೆ ಇರುತ್ತಿತ್ತು. ಏಳನೇ ದಿನಕ್ಕೆ ಆ ನಗೆ ಇರಲಿಲ್ಲ.

ಅದೇ ದಿನ ಗವಿಸಿದ್ದವ್ವ ಎಲೆ ಅಡಿಕೆಯ ಚೀಲವನ್ನು ಕಂಪ್ಯೂಟರಿನ ಕೀಬೋರ್ಡಿನ ಮೇಲೆ ಇಟ್ಟರು. ಪರದೆ ಒಮ್ಮೆ ಮಿನುಗಿ ಕ್ಯಾಮೆರಾ ಹಿಂದಕ್ಕೆ ಸರಿಯಿತು. ಬಾನೆಟ್ಟಿನ ಬದಲು ಕೆಂಪು ಟ್ರ್ಯಾಕ್ಟರ್ ಪೂರ್ತಿ ಕಂಡಿತು. ಅದರ ಬೆನ್ನಿಗೆ ಕಟ್ಟಿದ ಕೂರಿಗೆ, ಕೂರಿಗೆಯ ಹಿಂದೆ ಬೀಳುತ್ತಿದ್ದ ಸಾಲು ಎಲ್ಲವೂ ಕಂಡವು. ನಾನು ಎದ್ದು ಸರಿಪಡಿಸುವಷ್ಟರಲ್ಲಿ ಶಂಕ್ರವ್ವ ನೆಟ್ಟಗೆ ಕುಳಿತು, "ಇರ್ಲಿರಿ ಮೇಡಂ, ತಗೀಬ್ಯಾಡ್ರಿ," ಎಂದರು. "ಈಗ ನಾ ಎಲ್ಲಿ ನಿಂತೀನಿ ಅಂತ ಗೊತ್ತಾತು."

ಅವರು ಸಾಲು ಮುಗಿಸಿದರು. ಪರದೆಯ ಮೇಲೆ ಬಂದ ಅಂಕಿ ಒಂಬತ್ತು. ಪ್ರೋಗ್ರಾಮಿನಲ್ಲಿ ದೋಷವಿರಬೇಕೆಂದು ಇನ್ನೆರಡು ಸಲ ಹೊಡೆಸಿದೆ. ಹನ್ನೊಂದು, ಮತ್ತೆ ಒಂಬತ್ತು.

ನನಗೆ ಆ ಕ್ಷಣದಲ್ಲಿ ಆದ ಸಂತೋಷವನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ. ಕಾರಣ ಸ್ಪಷ್ಟವಿತ್ತು. ಇಪ್ಪತ್ತು ವರ್ಷ ಅವರು ಸಾಲನ್ನು ನೋಡಿದ್ದು ಕೂರಿಗೆಯ ಹಿಂದಿನಿಂದ. ಅವರ ಕಣ್ಣಿಗೆ ರೂಢಿಯಾದ ಜಾಗ ಥರ್ಡ್ ಪರ್ಸನ್ ಕ್ಯಾಮೆರಾದ ಜಾಗ. ಅವರಿಗೆ ಬರುವ ವಿದ್ಯೆಯನ್ನು ನಾನೇ ಅಡಗಿಸಿಟ್ಟಿದ್ದೆ. ಮರುದಿನದಿಂದ ಅವರ ಪಾಠವನ್ನೆಲ್ಲ ಆ ನೋಟಕ್ಕೆ ಬದಲಾಯಿಸಿದೆ. ಹತ್ತು ದಿನದಲ್ಲಿ ಅವರು ಸಾಲು, ತಿರುವು, ಟ್ರೇಲರ್ ಹಿಂದಕ್ಕೆ ತೆಗೆಯುವುದು ಎಲ್ಲವನ್ನೂ ಮುಗಿಸಿದರು. ಹೊಲದ ಕೆಲಸ ಮಾಡಿ ಬಂದ ಮಹಿಳೆಯರಿಗೆ ಥರ್ಡ್ ಪರ್ಸನ್ ನೋಟವೇ ಸೂಕ್ತವೆಂದು ನಾಲ್ಕು ಪುಟದ ವರದಿ ಬರೆದು ಕೇಂದ್ರದ ಮುಖ್ಯಸ್ಥರಿಗೆ ಕೊಟ್ಟೆ. ಒಬ್ಬರನ್ನು ನೋಡಿ ಬರೆದ ವರದಿ ಅದು. ಹಾಗೆ ಬರೆಯಬಾರದೆಂದು ಕಾಲೇಜಿನಲ್ಲೇ ಕಲಿಸಿದ್ದರು.

ಆಗ ತಡೆದವರು ಇಮಾಮಸಾಬ್ ಒಬ್ಬರೇ. ಅವರು ನಮ್ಮ ಕೇಂದ್ರದಲ್ಲಿ ನಿಜವಾದ ಟ್ರ್ಯಾಕ್ಟರಿನ ಮೇಲೆ ಕಲಿಸುವ ಹಿರಿಯ ಚಾಲಕರು. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವರು. ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಗಡ್ಡ ಕೆರೆದುಕೊಂಡು, "ಭಾಳ ಛಲೋ ಐತ್ರಿ ಮೇಡಂ. ಆದ್ರ ಟ್ರ್ಯಾಕ್ಟರ್ ಮ್ಯಾಲ ಈ ಗುಂಡಿ ಎಲ್ಲೈತ್ರಿ?" ಎಂದರು.

ಒಂದು ನೋಟದಲ್ಲಿ ಕೈ ಕುದುರಿದರೆ ಇನ್ನೊಂದಕ್ಕೂ ಅದು ಬರುತ್ತದೆ ಎಂದು ನಾನು ವಿವರಿಸಿದೆ. "ನೀವು ಓದಿದವರು, ನಿಮಗ ಗೊತ್ತಿರತೈತ್ರಿ," ಎಂದು ಅವರು ಅಂಗಳದ ಟ್ರ್ಯಾಕ್ಟರಿನ ಕಡೆಗೆ ನಡೆದರು. ಅದು ಒಪ್ಪಿಗೆಯಲ್ಲ ಎಂದು ನನಗೆ ತಿಳಿದಿತ್ತು, ತಿಳಿಯದವಳಂತೆ ಇದ್ದೆ.

ಜುಲೈ ಕೊನೆಯ ವಾರ ಶಂಕ್ರವ್ವ ನಿಜವಾದ ಟ್ರ್ಯಾಕ್ಟರ್ ಹತ್ತಿದರು. ಕ್ಲಚ್ಚು, ಗೇರು, ಬ್ರೇಕು ಎಲ್ಲ ಸರಿಯಾಗಿದ್ದವು. ಆದರೆ ಹೊಲಕ್ಕೆ ಇಳಿದದ್ದೇ ಅವರ ಕುತ್ತಿಗೆ ಹಿಂದಕ್ಕೆ ತಿರುಗಿತು. ಪರದೆಯಲ್ಲಿ ಹತ್ತು ದಿನ ನೋಡುತ್ತ ಬಂದಿದ್ದ ಕೂರಿಗೆ, ಸಾಲು ಈಗ ಬೆನ್ನ ಹಿಂದೆ ಇದ್ದವು. ತಿರುಗಿ ನೋಡಿದಾಗ ಭುಜ ತಿರುಗುತ್ತಿತ್ತು; ಭುಜದ ಜೊತೆ ಕೈ, ಕೈ ಜೊತೆ ಸ್ಟೀರಿಂಗ್. ಮೂರು ಸಾಲು ಹೊಡೆಯುವಷ್ಟರಲ್ಲಿ ಹೊಲ ಬಾಚದ ತಲೆಯಂತಾಯಿತು. ಇಮಾಮಸಾಬ್ ಇವತ್ತಿಗೆ ಸಾಕೆಂದು ಟ್ರ್ಯಾಕ್ಟರನ್ನು ದಾರಿಗೆ ತೆಗೆಸಿದರು. ಅವರು ಪಕ್ಕದಲ್ಲಿ, ಗಾಲಿಯ ಮೇಲಿನ ಮಡ್‌ಗಾರ್ಡಿನ ಮೇಲೆ ಕುಳಿತಿದ್ದರು. ನಾನು ಮತ್ತು ಗವಿಸಿದ್ದವ್ವ ಹಿಂದೆ ನಡೆದು ಬರುತ್ತಿದ್ದೆವು.

ದಾರಿಯಲ್ಲಿ ಶಂಕ್ರವ್ವ ಮತ್ತೊಮ್ಮೆ ತಿರುಗಿ ಕೂರಿಗೆ ನೋಡಿದರು. ಮುಂದಿನ ಎಡ ಗಾಲಿ ರಸ್ತೆ ಬದಿಯ ತಗ್ಗಿಗೆ ಇಳಿದು ಟ್ರ್ಯಾಕ್ಟರ್ ಒಂದು ಕಡೆಗೆ ವಾಲಿತು. ಇಮಾಮಸಾಬ್ ಕೈ ಚಾಚಿ ಎಂಜಿನ್ ನಿಲ್ಲಿಸಿದ್ದರಿಂದ ಅಲ್ಲಿಗೇ ನಿಂತಿತು. ಶಂಕ್ರವ್ವನ ಗದ್ದ ಸ್ಟೀರಿಂಗಿಗೆ ಬಡಿದು ರಕ್ತ ಬಂದಿತ್ತು. ಅವರು ಇಳಿದು, ಸೆರಗಿನಿಂದ ಗದ್ದ ಒತ್ತಿಕೊಂಡು, ವಾಲಿದ ಟ್ರ್ಯಾಕ್ಟರನ್ನು ಹಿಂದಿನಿಂದ ನೋಡುತ್ತ ನಿಂತರು.

"ನನ್ ಕೈಲಿ ಆಗೂದಿಲ್ಲ ಅತ್ತಿ," ಎಂದರು. "ಬ್ಯಾರೆ ಯಾರನ್ನರ ನೋಡ್ರಿ."

"ಬ್ಯಾರೆ ಯಾರು ಅದಾರಲೇ?" ಎಂದರು ಗವಿಸಿದ್ದವ್ವ. ಆ ದಿನ ಅವರು ತಮಾಷೆ ಮಾಡಲಿಲ್ಲ.

ಮರುದಿನ ಇಬ್ಬರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಲೈಸೆನ್ಸ್ ಪರೀಕ್ಷೆಗೆ ಆರು ವಾರ ಉಳಿದಿತ್ತು. ತಪ್ಪು ನನ್ನದೆಂದು ಹೇಳಬೇಕಾದದ್ದು ಫೋನಿನಲ್ಲಿ ಅಲ್ಲ ಎನಿಸಿ, ಮೂರನೇ ದಿನ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ. ತಡವಾಗಿ ಬಂದ ಮಳೆಗೆ ಸಜ್ಜೆ ಬಿತ್ತುತ್ತಿದ್ದಾರೆಂದು ಪಕ್ಕದ ಮನೆಯವರು ಹೊಲದ ದಾರಿ ತೋರಿಸಿದರು.

ಬದುವಿನ ಮೇಲೆ ಕುಳಿತೆ. ಎತ್ತು ಹೊಡೆಯುತ್ತಿದ್ದವರು ಶಂಕ್ರವ್ವನ ಗಂಡ ಯಮನಪ್ಪ. ಶಂಕ್ರವ್ವ ಉಡಿಯಲ್ಲಿ ಬೀಜ ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಡುತ್ತ ಹಿಂದೆ ನಡೆಯುತ್ತಿದ್ದರು. ಗದ್ದದ ಗಾಯ ಒಣಗಿತ್ತು. ಅವರ ಬಾಯಿ ನಿಂತಿರಲಿಲ್ಲ.

"ಎಡಕ್ಕ ಬಿತ್ತು ನೋಡ್ರಿ... ಹಾಂ, ಈಗ ನೆಟ್ಟಗ... ಮುಂದ ಕಲ್ಲೈತಿ, ಎತ್ರಿ... ಇಷ್ಟ ಬಲಕ್ಕ... ಬಂತು, ಬಂತು."

ಒಂದು ಸಾಲಿನಲ್ಲಿ ಅವರು ಹೀಗೆ ಎಷ್ಟು ಸಲ ಹೇಳುತ್ತಾರೆಂದು ಎಣಿಸಿದೆ: ಹನ್ನೊಂದು ಸಲ. ಯಮನಪ್ಪ ಒಂದು ಸಲವೂ ತಿರುಗಿ ನೋಡಲಿಲ್ಲ. ಎರಡು ಎತ್ತುಗಳ ನಡುವಿನಿಂದ ಹೊಲದ ಆಚೆ ತುದಿಯ ಬೇವಿನ ಮರವನ್ನು ನೋಡುತ್ತ, ಹೇಳಿದಂತೆ ಸರಿಸುತ್ತ ಹೋದರು.

ಸಾಲಿನ ತುದಿಯಲ್ಲಿ ನಿಂತಾಗ ಅವರನ್ನೇ ಕೇಳಿದೆ, ಹಿಂದೆ ಸಾಲು ಹೇಗೆ ಬಿದ್ದಿದೆ ಎಂದು ಯಾಕೆ ತಿರುಗಿ ನೋಡುವುದಿಲ್ಲ ಎಂದು.

"ನಾ ತಿರುಗಿದ್ರ ಎತ್ತೂ ತಿರಗ್ತಾವ್ರಿ," ಎಂದರು ಯಮನಪ್ಪ. "ಹಿಂದ ನೋಡಾಕ ಅಕಿ ಅದಾಳಲ್ರಿ. ಹೊಲದಾಗಷ್ಟ ಅಲ್ಲ, ಮನ್ಯಾಗೂ ಹಿಂದ ನಿಂತು ಹೇಳ್ಕೋಂತನ ಇರ್ತಾಳ."

"ಕೇಳಿದ್ರಲ್ಲ ಹೇಳೂದು," ಎಂದರು ಶಂಕ್ರವ್ವ, ಬೀಜದ ಉಡಿ ಬಿಗಿ ಮಾಡಿಕೊಳ್ಳುತ್ತ.

ಅಲ್ಲಿ ಕುಳಿತಿದ್ದಾಗ ನನ್ನ ವರದಿಯ ನಾಲ್ಕೂ ಪುಟ ನೆನಪಾದವು. ಶಂಕ್ರವ್ವನ ಕಣ್ಣಿನ ಜಾಗವನ್ನು ನಾನು ಸರಿಯಾಗಿ ಗುರುತಿಸಿದ್ದೆ. ಆದರೆ ಆ ಕಣ್ಣು ಎತ್ತನ್ನು ನಡೆಸುತ್ತಿರಲಿಲ್ಲ. ಮುಂದೆ ಒಬ್ಬರು, ಹಿಂದೆ ಒಬ್ಬರು, ನಡುವೆ ಮಾತು. ನೆಟ್ಟಗಿನ ಸಾಲು ಹುಟ್ಟುತ್ತಿದ್ದದ್ದು ಈ ಮೂರೂ ಕೂಡಿ. ನಾನು ಹಿಂದಿನವರ ಕಣ್ಣನ್ನೂ ಮುಂದಿನವರ ಕೈಯನ್ನೂ ಒಬ್ಬರಿಗೇ ಕೊಟ್ಟು, ಮಾತು ಬೇಡವಾಗುವಂತೆ ಮಾಡಿದ್ದೆ. ಗೇಮಿನಲ್ಲಿ ಮಾತ್ರ ಸಾಧ್ಯವಾಗುವ ಅನುಕೂಲ ಅದು. ಟ್ರ್ಯಾಕ್ಟರಿನ ಮೇಲೆ ಕುಳಿತ ಹೆಂಗಸು ಆ ಅನುಕೂಲವನ್ನು ಕುತ್ತಿಗೆ ತಿರುಗಿಸಿ ಹುಡುಕಿದ್ದರು.

"ತಪ್ಪು ನಿಮ್ಮದಲ್ಲ, ನಾನು ಕಲಿಸಿದ್ದರಲ್ಲಿತ್ತು," ಎಂದು ಹೇಳಿದೆ. "ಇನ್ನೊಂದು ಸಲ ಬನ್ನಿ. ಬೇರೆ ರೀತಿ ನೋಡೋಣ."

ಶಂಕ್ರವ್ವ ಗಂಡನತ್ತ ನೋಡಿದರು. ಯಮನಪ್ಪ ಎತ್ತಿನ ಬೆನ್ನ ಮೇಲೆ ಕೈಯಾಡಿಸುತ್ತ, "ಹೋಗಿ ಬಾ. ಇಲ್ಲಾಂದ್ರ ಗವಿಸಿದ್ದಕ್ಕ ನನ್ನ ಬಿಡೂದಿಲ್ಲ," ಎಂದರು.

ಪ್ರೋಗ್ರಾಮ್ ಬದಲಾಯಿಸಲು ಮೂರು ದಿನ ಹಿಡಿಯಿತು. ಈಗ ಒಂದೇ ಹೊಲಕ್ಕೆ ಎರಡು ಪರದೆ. ಸೀಟಿನ ಮುಂದಿನ ಪರದೆಯಲ್ಲಿ ಫಸ್ಟ್ ಪರ್ಸನ್ ನೋಟ; ಕೋಣೆಯ ಇನ್ನೊಂದು ಬದಿಯ ಮೇಜಿನ ಮೇಲೆ, ಸೀಟಿನಲ್ಲಿದ್ದವರಿಗೆ ಕಾಣದಂತೆ, ಥರ್ಡ್ ಪರ್ಸನ್ ನೋಟ. ಸೀಟಿನಲ್ಲಿದ್ದವರು ನಡೆಸಬೇಕು, ಮೇಜಿನ ಬಳಿ ಇದ್ದವರು ಹೇಳಬೇಕು.

ಮೊದಲ ದಿನ ಶಂಕ್ರವ್ವ ಸೀಟಿನ ಕಡೆ ಹೋಗಲೇ ಇಲ್ಲ. ಮೇಜಿನ ಮುಂದೆ ಕುಳಿತುಬಿಟ್ಟರು. ಬಲವಂತ ಮಾಡುವುದು ಬೇಡವೆನಿಸಿತು. "ಹಂಗಾರ ನಾ ಹೊಡೀತೀನಿ," ಎಂದು ಗವಿಸಿದ್ದವ್ವ ಎದ್ದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸೀಟು ಹತ್ತಿ, ಸ್ಟೀರಿಂಗನ್ನು ರೊಟ್ಟಿಯ ಹಂಚಿನಂತೆ ಎರಡೂ ಕೈಯಿಂದ ಹಿಡಿದರು. ಇಮಾಮಸಾಬ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಎಡಕ್ಕ ಬೇ ಅತ್ತಿ! ಎಡಕ್ಕ! ಅಷ್ಟ ದೊಡ್ಡ ಬದು ಕಾಣೂದಿಲ್ಲೇನ್?"

"ನನಗ ಬೆನ್ನಾಗ ಕಣ್ಣದಾವೇನ್ಲೇ? ಕಾಣಾಕಿ ನೀನು, ಹೇಳಾಕಿ ನೀನು, ಬೈಯಾಕಿನೂ ನೀನ!"

"ಅಲ್ಲ, ಖರೇನ ಕಾಣವಲ್ತಾ ನಿಮಗ?"

"ಬಾನೆಟ್ ಕಾಣತೈತಿ, ಬಯಲು ಕಾಣತೈತಿ. ಸುಳ್ಳಂದ್ರ ಬಂದು ನೋಡು."

ಶಂಕ್ರವ್ವ ಎದ್ದು ಬಂದರು. ಸೀಟಿನ ಹಿಂದೆ ನಿಂತು, ಬಗ್ಗಿ, ತಮ್ಮ ಕಣ್ಣನ್ನು ಗವಿಸಿದ್ದವ್ವನ ಕಣ್ಣಿನ ಎತ್ತರಕ್ಕೆ ತಂದುಕೊಂಡು ಪರದೆಯನ್ನು ನೋಡಿದರು. ಮತ್ತೆ ಮೇಜಿನ ಬಳಿ ಹೋಗಿ ಅದನ್ನು ನೋಡಿದರು. ಮತ್ತೆ ಬಂದರು.

"ಹೌದಲ್ಲ," ಎಂದರು. "ಇಲ್ಲಿ ಕುಂತಾರಿಗೆ ಹಿಂದಿಂದು ಏನೂ ಕಾಣೂದಿಲ್ಲ. ಇಪ್ಪತ್ತು ವರ್ಷ ನಮ್ಮ ಮನಿಯವರಿಗೆ ಸುಮ್ಮಸುಮ್ಮನ ಬೈದೀನ್ರಿ ಮೇಡಂ."

"ಅದಕ್ಕ ಬ್ಯಾರೆ ಸಂಘ ಮಾಡೂಣು," ಎಂದು ಗವಿಸಿದ್ದವ್ವ ಸೀಟಿನಿಂದ ಇಳಿದರು. "ಈಗ ಕುಂದ್ರು. ನಾ ಹೇಳ್ತೀನಿ, ನೀ ಕೇಳು."

ನಾನೊಂದು ನಿಯಮ ಮಾಡಿದೆ. ಮೊದಲ ಐದು ದಿನ ಗವಿಸಿದ್ದವ್ವ ಪ್ರತಿ ತಪ್ಪಿಗೂ ಕೂಗಬಹುದಿತ್ತು. ಮುಂದಿನ ಐದು ದಿನ ಶಂಕ್ರವ್ವ ಕೇಳಿದಾಗ ಮಾತ್ರ ಹೇಳಬೇಕು. ಆಮೇಲೆ ಮಾತೇ ಇಲ್ಲ. ಈ ನಿಯಮದಿಂದ ಹೆಚ್ಚು ಕಷ್ಟಪಟ್ಟವರು ಗವಿಸಿದ್ದವ್ವ. ಇಮಾಮಸಾಬ್ ತಮ್ಮ ಪಾಲಿನದನ್ನು ಸೇರಿಸಿದರು: "ಬಾನೆಟ್ ನೋಡಬ್ಯಾಡ್ರಿ ಅಕ್ಕಾ, ಅದೆಲ್ಲಿಗೂ ಓಡಿ ಹೋಗೂದಿಲ್ಲ. ದೂರದ ಒಂದು ಗುರುತು ಹಿಡೀರಿ." ನಾನು ಪರದೆಯ ಹೊಲದ ತುದಿಗೆ ಒಂದು ಮರ ನೆಟ್ಟೆ. ಅಂಕಿ ಅರವತ್ತೆರಡರಿಂದ ಮೂವತ್ತೊಂದಕ್ಕೆ, ಆಮೇಲೆ ಇಪ್ಪತ್ತಕ್ಕೆ, ಮೂರನೇ ವಾರದ ಕೊನೆಗೆ ಹದಿನಾಲ್ಕಕ್ಕೆ ಬಂತು. ಹಿಂದಿನ ಕ್ಯಾಮೆರಾದಲ್ಲಿ ಬಂದಿದ್ದ ಒಂಬತ್ತಕ್ಕಿಂತ ಇದು ಕಡಿಮೆ ಸಾಧನೆ. ಆದರೆ ಹದಿನಾಲ್ಕರ ಈ ಹಿಡಿತ ಹೊಲಕ್ಕೂ ಬಂತು. ಆಗಸ್ಟ್ ಕೊನೆಯಲ್ಲಿ ನಿಜವಾದ ಟ್ರ್ಯಾಕ್ಟರಿನ ಮೇಲೆ ಅವರು ಒಂದು ಗಂಟೆ ಕೆಲಸ ಮಾಡಿದರು. ಬಿತ್ತನೆ ಕೂರಿಗೆಯ ಕೊಳವೆ ಕಟ್ಟಿಕೊಂಡಿದೆಯೇ ಎಂದು ನೋಡಲು ಯಾವಾಗಲೂ ಒಬ್ಬರು ಹಿಂದೆ ನಡೆಯಬೇಕು. ಆ ಕೆಲಸ ಗವಿಸಿದ್ದವ್ವನದು. ಶಂಕ್ರವ್ವನ ಕುತ್ತಿಗೆ ತಿರುಗಲಿಲ್ಲ. ಬೇಕೆನಿಸಿದಾಗ "ಹೆಂಗೈತಿ ಅತ್ತೀ?" ಎಂದು ಕೂಗುತ್ತಿದ್ದರು.

ಪರೀಕ್ಷೆ ಸೆಪ್ಟೆಂಬರ್ ಮಧ್ಯದಲ್ಲಿ, ಕೊಪ್ಪಳದಲ್ಲಿ. ಮೈದಾನದೊಳಗೆ ಪರೀಕ್ಷಾರ್ಥಿ ಮತ್ತು ಅಧಿಕಾರಿ ಮಾತ್ರ. ನಾವು ಮೂವರು ತಂತಿ ಬೇಲಿಯ ಹೊರಗೆ. ಮುಂದಕ್ಕೆ ಓಡಿಸುವುದು, ತಿರುವು, ನಿಲ್ಲಿಸುವುದು ಎಲ್ಲ ಮುಗಿಯಿತು. ಕೊನೆಯದು ಟ್ರೇಲರನ್ನು ಎರಡು ಸಾಲು ಡ್ರಮ್ಮುಗಳ ನಡುವೆ ಹಿಂದಕ್ಕೆ ತೆಗೆಯುವುದು. ಟ್ರೇಲರ್ ಹಿಂದೆ ಹೋಗುವಾಗ ಸ್ಟೀರಿಂಗ್ ಎತ್ತ ತಿರುಗಿಸುತ್ತೀರೋ ಅದರ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಅನುಭವಿಗಳಿಗೂ ತಲೆ ಕೆಡುವ ಕೆಲಸ.

ಅಲ್ಲಿ ನಿಂತಾಗ ನನಗೊಂದು ಲೋಪ ಹೊಳೆಯಿತು. ಮಾತಿಲ್ಲದ ವಾರದಲ್ಲಿ ನಾನು ಮಾಡಿಸಿದ್ದು ಸಾಲುಗಳನ್ನು ಮಾತ್ರ. ಸೀಟಿನ ನೋಟದಿಂದ ಟ್ರೇಲರ್ ಹಿಂದಕ್ಕೆ ತೆಗೆಯುವುದನ್ನು ಶಂಕ್ರವ್ವ ಒಮ್ಮೆಯೂ ಹಿಂದಿನ ದನಿಯಿಲ್ಲದೆ ಮಾಡಿರಲಿಲ್ಲ.

ಟ್ರೇಲರ್ ಅರ್ಧ ದಾರಿ ಹೋಗಿ ಸ್ವಲ್ಪ ಓರೆಯಾಯಿತು. ಟ್ರ್ಯಾಕ್ಟರ್ ನಿಂತಿತು. ಶಂಕ್ರವ್ವ ಬೇಲಿಯತ್ತ ನೋಡಿದರು. ಗವಿಸಿದ್ದವ್ವ ಬಾಯಿ ತೆರೆದರು.

"ಬ್ಯಾಡ್ರಿ ಅಕ್ಕಾ," ಎಂದು ಇಮಾಮಸಾಬ್ ಪಿಸುಗುಟ್ಟಿದರು. "ಒಂದು ಮಾತು ಹೊಂಟ್ರ ಫೇಲ್ ಮಾಡ್ತಾರ." ಗವಿಸಿದ್ದವ್ವ ಸೆರಗನ್ನು ಬಾಯಿಗೆ ತುರುಕಿಕೊಂಡರು.

ಶಂಕ್ರವ್ವ ಗೇರ್ ತೆಗೆದರು. ಕೈ ಬ್ರೇಕ್ ಎಳೆದರು. ಆಮೇಲೆ ಸೀಟಿನಿಂದ ಇಳಿದುಬಿಟ್ಟರು. ತಗ್ಗಿಗೆ ಗಾಲಿ ಇಳಿದ ದಿನ ಅವರು ನಿಂತ ರೀತಿ ನನ್ನ ಕಣ್ಣ ಮುಂದೆ ಬಂತು. ಬಿಟ್ಟುಕೊಟ್ಟರು ಎಂದುಕೊಂಡೆ.

ಅವರು ನಿಧಾನವಾಗಿ ನಡೆದು ಟ್ರೇಲರಿನ ಹಿಂದಕ್ಕೆ ಹೋದರು. ಬಲಗಡೆಯ ಡ್ರಮ್ಮಿಗೂ ಗಾಲಿಗೂ ನಡುವಿನ ಜಾಗವನ್ನು ಗೇಣು ಹಾಕಿ ಅಳೆದರು. ಎಡಗಡೆಗೆ ಹೋಗಿ ಅಲ್ಲಿಯೂ ನೋಡಿದರು. ಬಂದು, ಹತ್ತಿ, ಟ್ರ್ಯಾಕ್ಟರನ್ನು ಒಂದು ಮಾರು ಮುಂದಕ್ಕೆ ತಂದು ಓರೆ ತೆಗೆದು, ಮತ್ತೆ ಹಿಂದಕ್ಕೆ ಬಿಟ್ಟರು. ಕೊನೆಯ ಡ್ರಮ್ಮಿನ ಬಳಿ ಇನ್ನೊಮ್ಮೆ ನಿಲ್ಲಿಸಿ, ಬ್ರೇಕ್ ಎಳೆದು, ಇಳಿದು ನೋಡಿ ಬಂದರು. ಒಂದು ಡ್ರಮ್ಮೂ ಅಲುಗದೆ ಟ್ರೇಲರ್ ಗೆರೆ ದಾಟಿತು.

ಅಧಿಕಾರಿ ಬೇಲಿಯ ಹತ್ತಿರವೇ ನಿಂತಿದ್ದರಿಂದ ಮಾತು ನಮಗೆ ಕೇಳಿಸಿತು.

"ಯಾಕ ಇಳದಿ ತಾಯಿ? ಪರೀಕ್ಷಾ ನಡದೈತಿ ಅಂತ ಗೊತ್ತಿಲ್ಲೇನು?"

"ಗೊತ್ತೈತ್ರಿ ಸಾಹೇಬ್ರ. ಹಿಂದ ಕಾಣಲಿಲ್ಲ. ಹೇಳಾವರು ಯಾರೂ ಇಲ್ಲ. ಕಾಣದ ಜಾಗಕ್ಕ ಹೆಂಗ ಬಿಡ್ಲಿರಿ, ಹೋಗಿ ನೋಡಿ ಬಂದೆ."

"ಎರಡೂ ಸಲ ಬ್ರೇಕ್ ಹಾಕಿ ಇಳದೀ?"

"ಹಾಕೀನ್ರಿ. ಗೇರೂ ತಗದೀನಿ."

ಅವರು ಹಾಳೆಯ ಮೇಲೆ ಏನೋ ಬರೆದರು. "ಬೆಳಗ್ಗಿಂದ ಹದಿನಾರು ಗಂಡಸರು ಬಂದ್ರು," ಎಂದರು. "ಅದರಾಗ ಒಂಬತ್ತು ಮಂದಿ ಡ್ರಮ್ ಕೆಡವಿದ್ರು. ಒಬ್ಬನೂ ಇಳದು ನೋಡಲಿಲ್ಲ. ಹೋಗು, ಪಾಸ್ ಆಗೀದಿ."

ಗವಿಸಿದ್ದವ್ವನ ಬಾಯಿಯಿಂದ ಸೆರಗು ಹೊರಬಂತು. ಅವರು ಬೇಲಿಯಾಚೆಗೆ ಕೂಗಿ ಹೇಳಿದ್ದನ್ನು ಇಲ್ಲಿ ಬರೆಯಲಾರೆ, ಪ್ರೀತಿಯ ಬೈಗುಳವದು. ಇಮಾಮಸಾಬ್ ಕಣ್ಣೊರೆಸಿಕೊಂಡು, ದೂಳು ಬಿದ್ದಿದೆ ಎಂದರು.

ಆ ಹಿಂಗಾರಿಯಲ್ಲಿ ಸಂಘದ ಇಪ್ಪತ್ತಮೂರು ಮನೆಯ ಹೊಲಗಳಿಗೆ ಶಂಕ್ರವ್ವ ಎಂಟು ದಿನದಲ್ಲಿ ಕಡಲೆ ಬಿತ್ತಿದರು. ಯಾರ ಹೊಲ ಮೊದಲು ಎಂಬುದನ್ನು ಸಂಘದ ಸಭೆಯಲ್ಲಿ ಚೀಟಿ ಎತ್ತಿ ತೀರ್ಮಾನಿಸಿದರಂತೆ. ಕೊನೆಯ ಚೀಟಿ ಅಧ್ಯಕ್ಷೆಯದೇ ಬಂದಿತ್ತು. ಅವರ ಹೊಲದಲ್ಲೂ ಹಸಿ ಉಳಿದಿತ್ತು.

ನನ್ನ ಹಳೆಯ ವರದಿಯನ್ನು ಹಿಂದಕ್ಕೆ ಪಡೆದು ಇನ್ನೊಂದು ಬರೆದೆ. ಒಂಬತ್ತು ಎಂಬ ಅಂಕಿಯನ್ನು ಅಳಿಸಲಿಲ್ಲ. ಅದು ಹೇಗೆ ಬಂತು, ಹೊಲದಲ್ಲಿ ಯಾಕೆ ಉಳಿಯಲಿಲ್ಲ ಎಂದು ಕೆಳಗೆ ವಿವರಿಸಿದೆ. ಕ್ಯಾಮೆರಾ ಕಣ್ಣಿನಲ್ಲಿರಬೇಕೋ ಬೆನ್ನ ಹಿಂದಿರಬೇಕೋ ಎಂದು ವರ್ಷಗಟ್ಟಲೆ ವಾದ ಕೇಳಿದವಳು ನಾನು. ಆ ಎರಡೂ ನೋಟದಲ್ಲಿ ಆಟಗಾರ್ತಿ ಸೀಟಿಗೆ ಕಟ್ಟುಬಿದ್ದವಳೇ. ಇಳಿದು ನಡೆದು ಹೋಗಿ ನೋಡುವ ದಾರಿ ನಮ್ಮ ಪ್ರೋಗ್ರಾಮಿನಲ್ಲಿ ಇರಲೇ ಇಲ್ಲ. ಈಗ ಇದೆ. ಗೇರ್ ತೆಗೆದು, ಕೈ ಬ್ರೇಕ್ ಎಳೆದರೆ ಮಾತ್ರ ಇಳಿಯಬಹುದು. ಇಳಿದು ಟ್ರ್ಯಾಕ್ಟರಿನ ಸುತ್ತ ನಡೆಯುವಾಗ ಗಡಿಯಾರ ನಿಲ್ಲುವುದಿಲ್ಲ, ಆದರೆ ಅಂಕವೂ ಕಡಿಮೆಯಾಗುವುದಿಲ್ಲ.

ಕಲಿಯುವವರಿಗೆ ಒಂದು ಪಾಠ ಸಲೀಸಾದರೆ ಕಲಿಸುವವರಿಗೆ ಸಂತೋಷವಾಗುತ್ತದೆ. ಆ ಸಲೀಸು ಎಲ್ಲಿಂದ ಬಂತು, ಕೆಲಸದ ಜಾಗದಲ್ಲೂ ಅದು ಅವರ ಜೊತೆಗಿರುತ್ತದೆಯೇ ಎಂದು ಸಂತೋಷಪಡುವ ಮೊದಲೇ ಕೇಳಿಕೊಳ್ಳಬೇಕೆಂಬುದನ್ನು ಈ ಕೆಲಸ ನನಗೆ ಕಲಿಸಿತು. ಹಾಗಾಗಿ ಈಗ ಹೊಸ ತಂಡ ಬಂದ ಮೊದಲ ದಿನ ನಾನು ಸಿಮ್ಯುಲೇಟರ್ ಚಾಲೂ ಮಾಡುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿನ ಸೀಟಿನ ಮೇಲೆ ಒಬ್ಬೊಬ್ಬರನ್ನೇ ಕೂರಿಸಿ, ಅಲ್ಲಿಂದ ಏನೇನು ಕಾಣುವುದಿಲ್ಲ ಎಂದು ಕೇಳುತ್ತೇನೆ. ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಕುತ್ತಿಗೆ ಚಾಚಿ, ಬಗ್ಗಿ, ಹುಡುಕಿ, ಒಂದೊಂದಾಗಿ ಹೇಳತೊಡಗುತ್ತಾರೆ. ಹಲಗೆಯ ಮೇಲೆ ಆ ಪಟ್ಟಿ ಬರೆದು ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.